ಮಳೆಗಾಲದ ಜ್ವರ ಮತ್ತು ಅದರ ಹಿಂದಿರುವ ಜೀವಿಗಳು: ಸಾಂಕ್ರಾಮಿಕ ರೋಗಗಳ ಬಗ್ಗೆ ತಿಳಿದಿರಬೇಕಾದ ವಿಷಯಗಳು

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಮಂಜೇಶ್ವರ, ಕುಂಬಳೆ, ಉಪ್ಪಳ, ಕಾಸರಗೋಡಿನ ಆಸ್ಪತ್ರೆಗಳ ಮುಂದೆ ಜ್ವರದವರ ಸಾಲು ಶುರುವಾಗುತ್ತದೆ. ಮನೆಯಲ್ಲಿ ಒಬ್ಬರಿಗೆ ಬಂದರೆ ಅದು ‘ಪನಿ’, ಇಬ್ಬರಿಗೆ ಬಂದರೆ ‘ವೈರಲ್’, ಮೂರನೆಯವರನ್ನು ಅಡ್ಮಿಟ್ ಮಾಡಿದ ಮೇಲೆ ಡೆಂಗಿಯೋ, ಎಲಿಪ್ಪನಿಯೋ, ಮಲೇರಿಯಾವೋ ಎಂಬ ಹೆಸರು ಸಿಗುತ್ತದೆ. ಹೆಸರು ಸಿಗುವ ಹೊತ್ತಿಗೆ ಕೆಲವೊಮ್ಮೆ ತಡವಾಗಿರುತ್ತದೆ. ಜ್ವರ ಅನ್ನುವುದು ರೋಗದ ಹೆಸರಲ್ಲ. ಒಳಗೆ ಬಂದ ಯಾವುದೋ ಒಂದು ಜೀವಿಯ ಜೊತೆ ದೇಹ ಹೋರಾಡುತ್ತಿದೆ ಎಂಬುದರ ಸೂಚನೆ ಅಷ್ಟೆ. ಆ ಜೀವಿ ಯಾವುದು ಎನ್ನುವುದರ ಮೇಲೆ ಔಷಧ, ಎಚ್ಚರಿಕೆ, ಅಪಾಯ ಎಲ್ಲವೂ ನಿರ್ಧಾರವಾಗುತ್ತದೆ.

ರೋಗಾಣು ಎಂದರೇನು?

ನಮ್ಮ ಚರ್ಮದ ಮೇಲೆ, ಬಾಯಿಯಲ್ಲಿ, ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಮನುಷ್ಯನ ದೇಹದಲ್ಲಿರುವ ಜೀವಕೋಶಗಳ ಸಂಖ್ಯೆಯೂ ಅಲ್ಲಿರುವ ಬ್ಯಾಕ್ಟೀರಿಯಾಗಳ ಸಂಖ್ಯೆಯೂ ಹೆಚ್ಚುಕಮ್ಮಿ ಸಮ ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಇವುಗಳಲ್ಲಿ ಬಹುಪಾಲು ನಿರುಪದ್ರವಿಗಳು, ಕೆಲವು ಉಪಕಾರಿಗಳು. ಕಾಯಿಲೆ ತರುವ ಸಾಮರ್ಥ್ಯ ಇರುವವುಗಳನ್ನು ಮಾತ್ರ ರೋಗಾಣು ಎನ್ನುತ್ತಾರೆ. ಅವು ದೇಹದೊಳಗೆ ಹೊಕ್ಕು ಸಂಖ್ಯೆ ಹೆಚ್ಚಿಸಿಕೊಂಡು ತೊಂದರೆ ಕೊಟ್ಟರೆ ಅದು ಸೋಂಕು ರೋಗ. ಹಾಗೆಂದು ಎಲ್ಲ ಸೋಂಕೂ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ತುಕ್ಕು ಹಿಡಿದ ಮೊಳೆ ಚುಚ್ಚಿ ಬರುವ ಧನುರ್ವಾಯು ಪಕ್ಕದವರಿಗೆ ಅಂಟದು. ದಡಾರ ಇರುವ ಮಗು ಕೆಮ್ಮಿದ ಕೋಣೆಯಲ್ಲಿ ಆ ಮಗು ಹೋದ ಎರಡು ಗಂಟೆಯ ನಂತರವೂ ವೈರಸ್ ಗಾಳಿಯಲ್ಲಿ ಉಳಿದಿರಬಹುದು.

ಕಾಯಿಲೆ ಅಂಟುತ್ತದೆ ಎಂಬ ಅರಿವು ಸೂಕ್ಷ್ಮದರ್ಶಕಕ್ಕಿಂತ ಎಷ್ಟೋ ಹಳೆಯದು. ಹಿಜರಿ 18ರಲ್ಲಿ, ಅಂದರೆ ಕ್ರಿ.ಶ. 639ರಲ್ಲಿ, ಶಾಮ್ ನಾಡಿನ ಅಮ್ವಾಸ್‌ನಲ್ಲಿ ಪ್ಲೇಗ್ ಎದ್ದಾಗ ಖಲೀಫಾ ಉಮರ್ (ರ) ಸರ್ಗ್ ಎಂಬಲ್ಲಿಯವರೆಗೆ ಹೋಗಿ, ಸಂಗಾತಿಗಳೊಂದಿಗೆ ಚರ್ಚಿಸಿ, ತಮ್ಮ ತಂಡವನ್ನು ಹಿಂದಕ್ಕೆ ಕರೆದೊಯ್ದರು. ಪ್ಲೇಗ್ ಇರುವ ಊರಿಗೆ ಹೋಗಬೇಡಿ, ಇರುವ ಊರಿನಲ್ಲಿದ್ದರೆ ಅಲ್ಲಿಂದ ಓಡಬೇಡಿ ಎಂಬ ಪ್ರವಾದಿ (ಸ) ಅವರ ಸೂಚನೆಯನ್ನು ಅಬ್ದುರ್ರಹ್ಮಾನ್ ಇಬ್ನ್ ಔಫ್ (ರ) ಆಗ ನೆನಪಿಸಿದ್ದು ಮದ್ರಸದಲ್ಲಿ ಓದಿದವರಿಗೆ ಗೊತ್ತಿರುವ ವಿಷಯ. ಸಿಡುಬನ್ನೂ ದಡಾರವನ್ನೂ ಬೇರೆ ಬೇರೆ ಕಾಯಿಲೆಗಳೆಂದು ವಿವರವಾಗಿ ಬರೆದವರು ಪರ್ಷಿಯಾದ ವೈದ್ಯ ಅಲ್ ರಾಝಿ. 14ನೇ ಶತಮಾನದಲ್ಲಿ ಪ್ಲೇಗ್ ಯುರೋಪನ್ನು ಕಾಡಿದಾಗ, ಅದು ಬಟ್ಟೆ, ಪಾತ್ರೆ, ಮನುಷ್ಯರ ಸಂಪರ್ಕದಿಂದ ದಾಟುತ್ತದೆ ಎಂದು ಗ್ರನಾಡದ ಇಬ್ನುಲ್ ಖತೀಬ್ ವಾದಿಸಿದರು. ಆದರೆ ದಾಟುವುದು ಏನು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೆ ಉತ್ತರ ಸಿಕ್ಕಿದ್ದು 19ನೇ ಶತಮಾನದ ಕೊನೆಗೆ. ಫ್ರಾನ್ಸ್‌ನ ಲೂಯಿ ಪಾಶ್ಚರ್, ಜರ್ಮನಿಯ ರಾಬರ್ಟ್ ಕಾಕ್ ಇಬ್ಬರೂ ಒಂದೊಂದು ಕಾಯಿಲೆಗೆ ಒಂದೊಂದು ಸೂಕ್ಷ್ಮಜೀವಿ ಕಾರಣ ಎಂದು ತೋರಿಸಿದರು. 1882ರ ಮಾರ್ಚ್ 24ರಂದು ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದಿದ್ದಾಗಿ ಘೋಷಿಸಿದರು. ಈಗ ಆ ದಿನವನ್ನೇ ವಿಶ್ವ ಕ್ಷಯ ದಿನವಾಗಿ ಆಚರಿಸಲಾಗುತ್ತಿದೆ. ಅದಾದ ಎರಡೇ ವರ್ಷದಲ್ಲಿ ಅವರು ಕೋಲ್ಕತ್ತಾಕ್ಕೆ ಬಂದು ಕಾಲರಾದ ರೋಗಾಣುವನ್ನು ಪ್ರತ್ಯೇಕಿಸಿದರು.

ನಾಲ್ಕೈದು ಜಾತಿಯ ಶತ್ರುಗಳು

ಬ್ಯಾಕ್ಟೀರಿಯಾ ಎಂದರೆ ಒಂದೇ ಜೀವಕೋಶದ, ತನ್ನ ಪಾಡಿಗೆ ಬದುಕಿ ಇಬ್ಭಾಗವಾಗಿ ಬೆಳೆಯುವ ಜೀವಿ. ಕ್ಷಯ, ಟೈಫಾಯ್ಡ್, ಕಾಲರಾ, ಗಂಟಲುಮಾರಿ, ಇಲಿಜ್ವರ ಇದರ ಕೆಲಸ. ಆಂಟಿಬಯೋಟಿಕ್ ಕೆಲಸ ಮಾಡುವುದು ಇವುಗಳ ಮೇಲೆ.

ವೈರಸ್ ಇನ್ನೂ ಚಿಕ್ಕದು. ಅದು ಪೂರ್ಣ ಜೀವಿಯೇ ಅಲ್ಲ. ಪ್ರೊಟೀನ್ ಹೊದಿಕೆಯೊಳಗೆ ಸುತ್ತಿಟ್ಟ ಒಂದಿಷ್ಟು ಆನುವಂಶಿಕ ಬರಹ. ಹೊರಗಡೆ ಬಿದ್ದಿದ್ದರೆ ಬೆಳೆಯಲಾರದು. ನಮ್ಮ ಜೀವಕೋಶದೊಳಗೆ ನುಗ್ಗಿ, ಅದರ ಯಂತ್ರವನ್ನೇ ಬಳಸಿಕೊಂಡು ತನ್ನ ನಕಲುಗಳನ್ನು ಮಾಡಿಸಿಕೊಳ್ಳುತ್ತದೆ. ನೆಗಡಿ, ಫ್ಲೂ, ಡೆಂಗಿ, ದಡಾರ, ಹೆಪಟೈಟಿಸ್, ರೇಬಿಸ್, ನಿಪಾ, ಕೋವಿಡ್ ಎಲ್ಲವೂ ವೈರಸ್‌ಗಳು. ಇವುಗಳಿಗೆ ಅಮೋಕ್ಸಿಸಿಲಿನ್, ಅಝಿತ್ರೋಮೈಸಿನ್ ನುಂಗಿದರೆ ಏನೂ ಆಗದು. ‘ಕಳೆದ ಸಲ ಮೂರು ಮಾತ್ರೆಯಲ್ಲಿ ಗುಣ ಆಗಿತ್ತು’ ಎಂದು ಮೆಡಿಕಲ್‌ಗೆ ಹೋಗಿ ಅದೇ ಸ್ಟ್ರಿಪ್ ಕೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಅಂದು ಗುಣ ಆದದ್ದು ಮಾತ್ರೆಯಿಂದಲ್ಲ. ವೈರಸ್ ಮೂರು ದಿನದಲ್ಲಿ ತಾನಾಗಿಯೇ ಸೋತಿತ್ತು. ಹೀಗೆ ಬೇಡದಲ್ಲಿ ಬಳಸಿದ ಆಂಟಿಬಯೋಟಿಕ್ ದೇಹದಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳಿಗೆ ಆ ಔಷಧವನ್ನು ಎದುರಿಸುವ ಪಾಠ ಕಲಿಸುತ್ತದೆ. ಮುಂದೆ ನಿಜವಾಗಿ ಬೇಕಾದಾಗ ಅದು ನಾಟುವುದಿಲ್ಲ.

ಮೂರನೆಯ ಗುಂಪು ಪ್ರೊಟೊಝೋವ, ಅಂದರೆ ಏಕಕೋಶದ ಪರಾವಲಂಬಿಗಳು. ಮಲೇರಿಯಾ ಇವುಗಳಲ್ಲಿ ದೊಡ್ಡದು. ಆಮಶಂಕೆ ತರುವ ಅಮೀಬಾ ಕೂಡ ಇಲ್ಲಿಗೇ ಸೇರುತ್ತದೆ. ಶಿಲೀಂಧ್ರಗಳು ಹೆಚ್ಚಾಗಿ ಚರ್ಮಕ್ಕೆ ಅಂಟುವವು. ಹುಳುಕಡ್ಡಿಗೆ ಅಂಗಡಿಯಿಂದ ಸ್ಟಿರಾಯ್ಡ್ ಬೆರೆತ ಕ್ರೀಮ್ ತಂದು ಹಚ್ಚಿದರೆ ತುರಿಕೆ ಎರಡು ದಿನ ನಿಂತು, ಆಮೇಲೆ ಅದು ಇಡೀ ಸೊಂಟಕ್ಕೆ ಹಬ್ಬುತ್ತದೆ. ಕೊನೆಯದಾಗಿ ಹುಳುಗಳು: ಕರುಳಿನ ಜಂತುಹುಳದಿಂದ ಹಿಡಿದು ಆನೆಕಾಲು ತರುವ ಫೈಲೇರಿಯಾ ಹುಳದವರೆಗೆ.

ಮಲೇರಿಯಾ: ಮೂರು ದಿನದ ಮಾತ್ರೆ, ಹದಿನಾಲ್ಕು ದಿನದ ಮಾತ್ರೆ

ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿದ್ದು ಭಾರತದಲ್ಲೇ. 1897ರ ಆಗಸ್ಟ್ 20ರಂದು ಸಿಕಂದರಾಬಾದ್‌ನಲ್ಲಿ ಸೇನಾ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯೊಂದರ ಹೊಟ್ಟೆಯನ್ನು ಸೀಳಿ ನೋಡಿದಾಗ ಮಲೇರಿಯಾ ಪರಾವಲಂಬಿ ಕಾಣಿಸಿತು. ಆ ಸೊಳ್ಳೆ ಕುಡಿದಿದ್ದ ರಕ್ತ ಹುಸೇನ್ ಖಾನ್ ಎಂಬ ರೋಗಿಯದ್ದು. ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ರಾಸ್ ಅವನಿಗೆ ಪ್ರತಿ ಸೊಳ್ಳೆಗೆ ಒಂದು ಆಣೆ ಕೊಟ್ಟಿದ್ದರು. ರಾಸ್‌ಗೆ 1902ರಲ್ಲಿ ನೊಬೆಲ್ ಸಿಕ್ಕಿತು. ಹುಸೇನ್ ಖಾನ್‌ಗೆ ಸಿಕ್ಕಿದ್ದು ಆ ಆಣೆಗಳು ಮಾತ್ರ.

ಕರಾವಳಿಯಲ್ಲಿ ಮಲೇರಿಯಾ ಎಂದರೆ ಮೊದಲು ನೆನಪಾಗುವುದು ಮಂಗಳೂರು. ಕಾಡಿನ ಮಲೇರಿಯಾ ಅಲ್ಲ ಇದು, ನಗರದ ಮಲೇರಿಯಾ. ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಮುಚ್ಚಳವಿಲ್ಲದ ಓವರ್‌ಹೆಡ್ ಟ್ಯಾಂಕ್, ಬಾವಿ, ಕಟ್ಟಡ ಕೆಲಸದ ಜಾಗದಲ್ಲಿ ನಿಂತ ತಿಳಿನೀರನ್ನು ಇಷ್ಟಪಡುತ್ತದೆ. ಗಡಿನಾಡಿನಿಂದ ದಿನಾ ರೈಲು, ಬಸ್ ಹತ್ತಿ ಮಂಗಳೂರಿಗೆ ಹೋಗುವ ಕೆಲಸಗಾರರು, ಅಂಗಡಿಯವರು, ಹಾಸ್ಟೆಲ್‌ನ ವಿದ್ಯಾರ್ಥಿಗಳು ಈ ಸೊಳ್ಳೆಯ ದಾರಿಯಲ್ಲೇ ಇದ್ದಾರೆ.

ಇಲ್ಲಿ ಬಹಳ ಮಂದಿ ಮಾಡುವ ಒಂದು ತಪ್ಪಿದೆ. ವೈವಾಕ್ಸ್ ಜಾತಿಯ ಮಲೇರಿಯಾಕ್ಕೆ ಮೊದಲು ಮೂರು ದಿನ ಕ್ಲೋರೋಕ್ವಿನ್ ಕೊಡುತ್ತಾರೆ. ಜ್ವರ ಇಳಿಯುತ್ತದೆ, ಚಳಿ ನಿಲ್ಲುತ್ತದೆ, ಮನುಷ್ಯ ಕೆಲಸಕ್ಕೆ ಹೋಗುತ್ತಾನೆ. ಆದರೆ ಅದರ ಜೊತೆಗೇ 14 ದಿನದ ಪ್ರಿಮಾಕ್ವಿನ್ ಮಾತ್ರೆಯನ್ನೂ ಕೊಟ್ಟಿರುತ್ತಾರೆ. ಅದು ಕಪಾಟಿನಲ್ಲೇ ಉಳಿಯುತ್ತದೆ. ಕ್ಲೋರೋಕ್ವಿನ್ ಕೊಲ್ಲುವುದು ರಕ್ತದಲ್ಲಿರುವ ಪರಾವಲಂಬಿಯನ್ನು. ಯಕೃತ್ತಿನಲ್ಲಿ ಮಲಗಿಕೊಂಡಿರುವ ಇನ್ನೊಂದು ರೂಪ ಅದಕ್ಕೆ ಜಗ್ಗುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅದು ಎದ್ದು ಮತ್ತೆ ರಕ್ತಕ್ಕೆ ಇಳಿಯುತ್ತದೆ. ‘ನನಗೆ ಪುನಃ ಮಲೇರಿಯಾ ಬಂತು, ಮಂಗಳೂರಿನ ಸೊಳ್ಳೆ ಸರಿ ಇಲ್ಲ’ ಎಂದರೆ ಸೊಳ್ಳೆಯ ತಪ್ಪಿಲ್ಲದಿರಲೂಬಹುದು. ಆ ಮಲಗಿರುವ ರೂಪವನ್ನು ಕೊಲ್ಲುವುದಕ್ಕೇ ಪ್ರಿಮಾಕ್ವಿನ್. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಈ ಮಾತ್ರೆ ರಕ್ತಕಣಗಳನ್ನು ಒಡೆಯಬಹುದು, ಗರ್ಭಿಣಿಯರಿಗೆ ಕೊಡುವುದಿಲ್ಲ. ಆದ್ದರಿಂದ ವೈದ್ಯರನ್ನು ಕೇಳದೆ ಪಕ್ಕದ ಮನೆಯವರ ಚೀಟಿ ನೋಡಿ ತಿನ್ನುವಂಥದ್ದಲ್ಲ.

ಡೆಂಗಿ: ಜ್ವರ ಬಿಟ್ಟಾಗಲೇ ಭಯ

ಡೆಂಗಿಯ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ರಾತ್ರಿ ಸೊಳ್ಳೆಪರದೆ ಕಟ್ಟಿದರೆ ಸಾಕು ಎಂಬ ಲೆಕ್ಕ ಇಲ್ಲಿ ನಡೆಯದು. ಅಂಗಳದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಹಳೇ ಟಯರ್, ರಬ್ಬರ್ ತೋಟದ ಹಾಲಿನ ಕಪ್, ಫ್ರಿಜ್‌ನ ಹಿಂದಿನ ತಟ್ಟೆ ಇವೆಲ್ಲ ಅದರ ತೊಟ್ಟಿಲು. ಮೊಟ್ಟೆ ಒಣಗಿದ ಜಾಗದಲ್ಲೂ ತಿಂಗಳುಗಟ್ಟಲೆ ಬದುಕಿದ್ದು ಮಳೆ ಬಂದಾಗ ಒಡೆಯುತ್ತದೆ. ಅಲ್ಲಿಂದ ಸೊಳ್ಳೆಯಾಗಿ ಹಾರಲು ವಾರದಿಂದ ಹತ್ತು ದಿನ. ಅದಕ್ಕೇ ಆರೋಗ್ಯ ಇಲಾಖೆಯವರು ವಾರಕ್ಕೊಮ್ಮೆ ‘ಡ್ರೈ ಡೇ’ ಮಾಡಿ ಎನ್ನುವುದು. ಕೇರಳದಲ್ಲಿ ಡ್ರೈ ಡೇ ಅಂದರೆ ಬೇರೆಯೇ ಅರ್ಥ ಎಂದು ನಗುವವರಿದ್ದಾರೆ. ನಗಲಿ, ಆದರೆ ನೀರು ಚೆಲ್ಲಲಿ.

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಅದರಿಂದ ಮಾತ್ರ ದೀರ್ಘ ರಕ್ಷಣೆ. ಎರಡನೇ ಸಲ ಬೇರೆ ಬಗೆ ಬಂದರೆ ಕಾಯಿಲೆ ಹೆಚ್ಚು ತೀವ್ರವಾಗುವ ಸಾಧ್ಯತೆ ಇದೆ. ಇನ್ನೊಂದು ಮುಖ್ಯ ವಿಷಯ: ಸಾಮಾನ್ಯ ಜ್ವರದಲ್ಲಿ ತಾಪ ಇಳಿದರೆ ಗುಣವಾದಂತೆ, ಡೆಂಗಿಯಲ್ಲಿ ಅಪಾಯದ ಹಂತ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದ ನಡುವೆ. ಆಗ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಿಂದ ರಕ್ತ, ವಿಪರೀತ ಸುಸ್ತು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು. ಪಪ್ಪಾಯಿ ಎಲೆಯ ರಸ ಕುಡಿಸಿ ಕಾಯುತ್ತಾ ಕೂತು ಹೊತ್ತು ಕಳೆಯಬಾರದು. ಅಂಥ ಹೊತ್ತಿನಲ್ಲಿ ಪ್ಲೇಟ್‌ಲೆಟ್ ಸಂಖ್ಯೆಗಿಂತಲೂ ದೇಹದಲ್ಲಿ ದ್ರವ ಎಷ್ಟಿದೆ ಎನ್ನುವುದೇ ಜೀವ ಉಳಿಸುವ ಪ್ರಶ್ನೆ.

ಎಲಿಪ್ಪನಿ, ತೋಟದವರ ಕಾಯಿಲೆ

ಇಲಿಜ್ವರಕ್ಕೆ ಕಾರಣ ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ. ಇಲಿ, ದನ, ನಾಯಿಗಳ ಮೂತ್ರದಲ್ಲಿ ಅದು ಹೊರಬಿದ್ದು ನೀರು, ಕೆಸರಿನಲ್ಲಿ ಉಳಿಯುತ್ತದೆ. ಕಾಲಿನ ಬಿರುಕು, ಗಾಯ, ಕಣ್ಣು, ಬಾಯಿಯ ಮೂಲಕ ಒಳಗೆ ಹೋಗುತ್ತದೆ. ಬರಿಗಾಲಲ್ಲಿ ಗದ್ದೆಗಿಳಿಯುವವರು, ಅಡಿಕೆ ತೋಟದ ಕಣಿ ಬಿಡಿಸುವವರು, ಚರಂಡಿ ಸ್ವಚ್ಛ ಮಾಡುವವರು, ದನ ಸಾಕುವವರು ಮೊದಲ ಸಾಲಿನಲ್ಲಿದ್ದಾರೆ. ನೆರೆ ನೀರಿನಲ್ಲಿ ಚೆಂಡಾಡುವ ಹುಡುಗರೂ ಇದ್ದಾರೆ. ಜ್ವರ, ತಲೆನೋವು, ಮೀನಖಂಡದಲ್ಲಿ ಮುಟ್ಟಲಾರದಷ್ಟು ನೋವು, ಕೆಂಪಾದ ಕಣ್ಣು ಇದರ ಗುರುತು. ಕಣ್ಣು ಹಳದಿಯಾದರೆ ‘ಮಂಜ’ ಎಂದು ಹಸಿರು ಔಷಧಿಗೆ ಓಡುವ ರೂಢಿ ನಮ್ಮಲ್ಲಿದೆ. ಇಲಿಜ್ವರದಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಯಕೃತ್ತಿನ ಜೊತೆಗೆ ಕಿಡ್ನಿಯೂ ಕೆಡುತ್ತಿರಬಹುದು. ಆ ಎರಡು ದಿನವೇ ಬಹಳ ಬೆಲೆಯದ್ದು. ಬೇಗ ಗೊತ್ತಾದರೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂತಹ ಸಾಮಾನ್ಯ ಔಷಧಿಗಳೇ ಸಾಕು.

2018ರ ಮಹಾ ನೆರೆಯ ನಂತರ ಕೇರಳದಲ್ಲಿ ಸ್ವಯಂಸೇವಕರಿಗೆ, ನೀರಿಗಿಳಿದವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಹಂಚಿದ್ದು ಇದನ್ನು ತಡೆಯುವುದಕ್ಕೇ. ಗದ್ದೆ, ಚರಂಡಿ ಕೆಲಸ ಇರುವವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಮಾತ್ರೆಯ ಬಗ್ಗೆ ವಿಚಾರಿಸಬಹುದು. ಮತ್ತೆ ಒಂದು ಜೊತೆ ಗಮ್‌ಬೂಟ್ ತಗೊಳ್ಳಬಹುದು.

ವುಳೂ ಮಾಡುವ ನೀರು, ಕುಡಿಯುವ ನೀರು

ಕಳೆದ ಕೆಲವು ವರ್ಷಗಳಲ್ಲಿ ಕೇರಳವನ್ನು ಹೆದರಿಸಿದ್ದು ಮಿದುಳು ತಿನ್ನುವ ಅಮೀಬಾ ಎಂಬ ಹೆಸರಿನ ಕಾಯಿಲೆ. 2016ರಲ್ಲಿ ಆಲಪ್ಪುಳದಲ್ಲಿ ಕಾಣಿಸಿಕೊಂಡದ್ದು, 2024 ಮತ್ತು 2025ರಲ್ಲಿ ಪ್ರಕರಣಗಳು ಏರಿದವು. ನೇಗ್ಲೇರಿಯಾ ಫೌಲೇರಿ ಎಂಬ ಈ ಜೀವಿ ಬೆಚ್ಚಗಿನ ಸಿಹಿನೀರಿನಲ್ಲಿ, ಕೊಳದ ತಳದ ಕೆಸರಿನಲ್ಲಿ ಇರುತ್ತದೆ. ಅದನ್ನು ಕುಡಿದರೆ ಕಾಯಿಲೆ ಬರುವುದಿಲ್ಲ. ಮೂಗಿನೊಳಗೆ ರಭಸದಿಂದ ಹೋದರೆ ವಾಸನೆಯ ನರದ ದಾರಿ ಹಿಡಿದು ಮಿದುಳನ್ನು ತಲುಪುತ್ತದೆ. ಬಂದವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಬದುಕುವುದಿಲ್ಲ ಎಂಬುದು ಜಾಗತಿಕ ಅನುಭವ. 2024ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಒಬ್ಬ ಹುಡುಗ, ಬೇಗ ಪತ್ತೆಯಾಗಿ ಔಷಧ ಸಿಕ್ಕಿದ್ದರಿಂದ, ಬದುಕಿ ಉಳಿದ. ಕೊಳದಲ್ಲಿ ಈಜಿದ ವಿಷಯವನ್ನು ಮನೆಯವರು ವೈದ್ಯರಿಗೆ ಹೇಳಿದರೆ ಎಷ್ಟು ವ್ಯತ್ಯಾಸ ಆಗುತ್ತದೆ ಎಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ಈ ಕಾಯಿಲೆ ಬಹಳ ಅಪರೂಪ. ಆದರೂ ನಮ್ಮ ಸಮುದಾಯ ಇದನ್ನು ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಗಮನದಿಂದ ನೋಡಬೇಕಾದ ಕಾರಣ ಇದೆ. ದಿನಕ್ಕೆ ಐದು ಸಲ ವುಳೂ ಮಾಡುವಾಗ ಮೂಗಿಗೆ ನೀರೇರಿಸುತ್ತೇವೆ. ಪಾಕಿಸ್ತಾನದ ಕರಾಚಿಯಲ್ಲಿ ಈಜದೇ ಇದ್ದವರಿಗೂ ಈ ಸೋಂಕು ಬಂದಾಗ ತಜ್ಞರು ಬೊಟ್ಟು ಮಾಡಿದ್ದು ಕ್ಲೋರಿನ್ ಸಾಲದ ನೀರಿನಲ್ಲಿ ಮೂಗು ತೊಳೆಯುವುದರ ಕಡೆಗೆ. ಹಾಗೆಂದು ವುಳೂವಿನ ಬಗ್ಗೆ ಹೆದರಬೇಕಿಲ್ಲ, ನೀರಿನ ಬಗ್ಗೆ ಜವಾಬ್ದಾರಿ ಬೇಕು. ಹಳೇ ಮಸೀದಿಗಳ ಹೌಳ್, ಬಿಸಿಲಿಗೆ ಕಾಯುವ ಪ್ಲಾಸ್ಟಿಕ್ ಟ್ಯಾಂಕ್, ವರ್ಷಗಟ್ಟಲೆ ತೊಳೆಯದ ಸಿಮೆಂಟ್ ತೊಟ್ಟಿ ಇವನ್ನು ನಿಯಮಿತವಾಗಿ ಖಾಲಿ ಮಾಡಿ, ಉಜ್ಜಿ, ಕ್ಲೋರಿನ್ ಹಾಕಬೇಕು. ನೀರನ್ನು ಮೆಲ್ಲಗೆ ಮೂಗಿನ ಹೊಳ್ಳೆಗೆ ತೆಗೆದುಕೊಂಡರೂ ಸುನ್ನತ್ ಆಗುತ್ತದೆ, ಜೋರಾಗಿ ಒಳಗೆಳೆಯಬೇಕಿಲ್ಲ ಎಂಬುದನ್ನು ಉಸ್ತಾದರು ಮಕ್ಕಳಿಗೆ ಒಮ್ಮೆ ತೋರಿಸಿಕೊಟ್ಟರೆ ಒಳ್ಳೆಯದು.

ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು? ಸಾಮಾನ್ಯ ದಿನಗಳಲ್ಲಿ 1000 ಲೀಟರ್ ನೀರಿಗೆ ಎರಡೂವರೆ ಗ್ರಾಂ. ನೆರೆ ಬಂದ ಮೇಲೆ, ಅಥವಾ ಊರಲ್ಲಿ ಕಾಮಾಲೆ ಹರಡುತ್ತಿದ್ದರೆ ಐದು ಗ್ರಾಂ. ದುಂಡು ಬಾವಿಯ ಅಗಲ 2 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ ಅದರಲ್ಲಿ ಸುಮಾರು 9,400 ಲೀಟರ್ ನೀರಿದೆ, ಅಂದರೆ ಸುಮಾರು 24 ಗ್ರಾಂ ಪೌಡರ್. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕೊಡದಿಂದ ಕಲಕಬೇಕು. ಒಂದು ಗಂಟೆಯ ನಂತರ ಬಳಸಬಹುದು. ವಾಸನೆ ಇಷ್ಟವಿಲ್ಲ ಎನ್ನುವವರು ರಾತ್ರಿ ಹಾಕಿ ಬೆಳಗ್ಗೆ ಸೇದಲಿ.

ಬಾಯಿಯ ಮೂಲಕ ಬರುವ ರೋಗಗಳದ್ದು ಬೇರೆ ಕಥೆ. ಮದುವೆ ಹಾಲ್‌ನ ಬಾಗಿಲಲ್ಲಿ ಕೊಡುವ ಬಣ್ಣಬಣ್ಣದ ವೆಲ್‌ಕಮ್ ಡ್ರಿಂಕ್‌ನ ಐಸ್ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಹೆಪಟೈಟಿಸ್ ಎ ವೈರಸ್ ಹೊಟ್ಟೆ ಸೇರಿ ಕಾಮಾಲೆ ಕಾಣಿಸಲು ಸುಮಾರು ನಾಲ್ಕು ವಾರ ಬೇಕು, ಆ ಹೊತ್ತಿಗೆ ಮದುವೆಯ ಆಲ್ಬಮ್ ಬಂದಿರುತ್ತದೆ, ಸಂಬಂಧ ಯಾರಿಗೂ ಹೊಳೆಯದು. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಹಲವರು ಅಸ್ವಸ್ಥರಾಗಿ ಒಬ್ಬ ವಿದ್ಯಾರ್ಥಿನಿ ತೀರಿಕೊಂಡಾಗ ಪತ್ತೆಯಾದದ್ದು ಶಿಗೆಲ್ಲಾ ಬ್ಯಾಕ್ಟೀರಿಯಾ. ಶಿಗೆಲ್ಲಾಕ್ಕೆ ತೀರಾ ಕಡಿಮೆ ಸಂಖ್ಯೆಯ ರೋಗಾಣುಗಳೇ ಸಾಕು. ಶೌಚದ ನಂತರ ಸೋಪು ಹಾಕದ ಒಂದು ಕೈಯಿಂದಲೇ ಅದು ನೂರು ತಟ್ಟೆಗೆ ತಲುಪಬಲ್ಲದು.

ಲಸಿಕೆ: ಹಿಂಜರಿಕೆಯ ಬೆಲೆ

ರೋಗಾಣುವಿನ ದುರ್ಬಲಗೊಳಿಸಿದ ರೂಪವನ್ನೋ ಅದರ ಒಂದು ತುಣುಕನ್ನೋ ಮುಂಚಿತವಾಗಿ ದೇಹಕ್ಕೆ ಪರಿಚಯಿಸುವುದೇ ಲಸಿಕೆ. ನಿಜವಾದ ಶತ್ರು ಬಂದಾಗ ಗುರುತು ಹಿಡಿಯುವ ಕಣಗಳು ಅಷ್ಟು ಹೊತ್ತಿಗೆ ತಯಾರಿರುತ್ತವೆ. ಈ ಒಂದು ಉಪಾಯದಿಂದ ಸಿಡುಬು ಭೂಮಿಯಿಂದಲೇ ಹೋಯಿತು. 1977ರಲ್ಲಿ ಸೊಮಾಲಿಯಾದ ಅಲಿ ಮಾವ್ ಮಾಲಿನ್ ಎಂಬವರಿಗೆ ಬಂದದ್ದೇ ಸಹಜವಾಗಿ ಹರಡಿದ ಕೊನೆಯ ಸಿಡುಬು. ಭಾರತದಲ್ಲಿ ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. ಅದಕ್ಕೆ ಮೊದಲು ಉತ್ತರ ಪ್ರದೇಶದಲ್ಲಿ, ಪೋಲಿಯೊ ಹನಿ ಹಾಕಿದರೆ ಮಕ್ಕಳಾಗುವುದಿಲ್ಲ ಎಂಬ ವದಂತಿ ಮುಸ್ಲಿಂ ಮೊಹಲ್ಲಾಗಳಲ್ಲಿ ಹಬ್ಬಿ ಬಹಳ ಮನೆಗಳು ಬಾಗಿಲು ಹಾಕಿಕೊಂಡಿದ್ದವು. ಉಲಮಾಗಳು, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾದವರು ಮುಂದೆ ಬಂದು ಮಾತಾಡಿದ ಮೇಲೆ ಆ ಬಾಗಿಲುಗಳು ತೆರೆದವು.

ಅದು ದೂರದ ಕಥೆ ಅಂದುಕೊಳ್ಳುವಂತಿಲ್ಲ. 2015 ಮತ್ತು 2016ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲುಮಾರಿ, ಅಂದರೆ ಡಿಫ್ತೀರಿಯಾ, ಮಕ್ಕಳನ್ನು ಬಲಿ ತೆಗೆದುಕೊಂಡಿತು. ವೈದ್ಯಕೀಯ ವಿದ್ಯಾರ್ಥಿಗಳು ಪುಸ್ತಕದಲ್ಲಷ್ಟೇ ಓದುತ್ತಿದ್ದ ಕಾಯಿಲೆ ಅದು. 2022ರ ಕೊನೆಗೆ ಅದೇ ಜಿಲ್ಲೆಯಲ್ಲಿ ದಡಾರ ಎದ್ದು ಕೇಂದ್ರದ ತಂಡ ಬರಬೇಕಾಯಿತು. ಎರಡೂ ಸಲ ಹೆಚ್ಚು ಬಾಧೆಗೊಳಗಾದದ್ದು ಲಸಿಕೆ ಪೂರ್ತಿ ಹಾಕಿಸದ ಮಕ್ಕಳು. ದಡಾರದ ಒಬ್ಬ ರೋಗಿ ರಕ್ಷಣೆ ಇಲ್ಲದ 12ರಿಂದ 18 ಮಂದಿಗೆ ಅಂಟಿಸಬಲ್ಲ. ನೂರಕ್ಕೆ 95ರಷ್ಟು ಮಕ್ಕಳಿಗೆ ಲಸಿಕೆ ಆಗಿದ್ದರೆ ಮಾತ್ರ ಅದರ ದಾರಿ ಕಡಿಯುತ್ತದೆ. ‘ನನ್ನ ಮಗುವಿಗೆ ಬೇಡ’ ಎಂದವರು ಪಕ್ಕದ ಮನೆಯ, ಇನ್ನೂ ಲಸಿಕೆಯ ವಯಸ್ಸಾಗದ ಕೂಸಿನ ಪರವಾಗಿಯೂ ಬೇಡ ಎಂದಂತೆಯೇ.

ಲಸಿಕೆಯಲ್ಲಿ ಹರಾಂ ವಸ್ತು ಇದೆ ಎಂಬ ಸಂಶಯ ಆಗಾಗ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತದೆ. ಕೆಲವು ಲಸಿಕೆಗಳು ಕೆಡದಂತೆ ಜೆಲಾಟಿನ್ ಬಳಸುವುದು ನಿಜ. 1995ರಲ್ಲಿ ಕುವೈತ್‌ನ ಇಸ್ಲಾಮಿಕ್ ವೈದ್ಯವಿಜ್ಞಾನ ಸಂಸ್ಥೆಯ ಸಮ್ಮೇಳನದಲ್ಲಿ ಸೇರಿದ ವಿದ್ವಾಂಸರು, ಮೂಲ ವಸ್ತು ಸಂಪೂರ್ಣ ಬೇರೆ ಪದಾರ್ಥವಾಗಿ ಮಾರ್ಪಟ್ಟಿರುವುದರಿಂದ ಅದು ಅನುವದನೀಯ ಎಂಬ ನಿಲುವಿಗೆ ಬಂದಿದ್ದಾರೆ. ಹಜ್‌ಗೆ ಹೋಗುವ ಪ್ರತಿಯೊಬ್ಬರೂ ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡೇ ಹೋಗುತ್ತಾರೆ. 1987ರಲ್ಲಿ ಮತ್ತು 2000ರಲ್ಲಿ ಹಜ್‌ನಿಂದ ಮರಳಿದವರ ಮೂಲಕ ಮೆನಿಂಜೈಟಿಸ್ ಹಲವು ದೇಶಗಳಿಗೆ ಹಬ್ಬಿದ್ದರಿಂದ ಸೌದಿ ಸರ್ಕಾರ ಈ ನಿಯಮವನ್ನು ಬಿಗಿ ಮಾಡಿದೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಬೇಕು. ಹೊರಡುವ ಹಿಂದಿನ ದಿನ ಹಾಕಿಸಿದರೆ ದೇಹಕ್ಕೆ ತಯಾರಾಗಲು ಸಮಯ ಇರುವುದಿಲ್ಲ.

ಪ್ರಾಣಿಯಿಂದ ಮನುಷ್ಯನಿಗೆ

ಹೊಸದಾಗಿ ಹುಟ್ಟುವ ಸೋಂಕುಗಳಲ್ಲಿ ಬಹುಪಾಲು ಪ್ರಾಣಿಗಳಿಂದ ದಾಟಿ ಬಂದವು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಿಸಿದ ಮಂಗನ ಕಾಯಿಲೆ ಉಣ್ಣೆಯಿಂದ ಹರಡುತ್ತದೆ. ಅದು ಮುಂದೆ ವಯನಾಡಿಗೂ ಬಂತು. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನಲ್ಲಿ ಒಂದೇ ಮನೆಯವರು ಒಬ್ಬರ ಹಿಂದೆ ಒಬ್ಬರು ಕುಸಿದಾಗ ವೈದ್ಯರಿಗೆ ಅನುಮಾನ ಬಂದು ಮಾದರಿಗಳನ್ನು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ನಿಪಾ ಎಂದು ಗೊತ್ತಾಯಿತು, ಪುಣೆಯ ಪ್ರಯೋಗಾಲಯ ಖಚಿತಪಡಿಸಿತು. ಹಣ್ಣು ತಿನ್ನುವ ಬಾವಲಿಗಳಲ್ಲಿ ಇರುವ ವೈರಸ್ ಅದು. ಆ ಸಲ ಹೆಚ್ಚಿನವರಿಗೆ ಅದು ಅಂಟಿದ್ದು ಬಾವಲಿಯಿಂದಲ್ಲ, ಆಸ್ಪತ್ರೆಯಲ್ಲಿ ರೋಗಿಯ ಹತ್ತಿರ ಇದ್ದದ್ದರಿಂದ. ರೋಗಿಯನ್ನು ನೋಡಿಕೊಂಡ ನರ್ಸ್ ಲಿನಿ ಪುದುಶ್ಶೇರಿ ಕೂಡ ಅದರಲ್ಲೇ ತೀರಿಹೋದರು. ರೋಗಿಯನ್ನು ನೋಡಲು ಇಡೀ ಕುಟುಂಬ ಜೀಪು ಕಟ್ಟಿಕೊಂಡು ಹೋಗಿ ಮಂಚದ ಸುತ್ತ ಕೂರುವ ನಮ್ಮ ಪದ್ಧತಿ ಪ್ರೀತಿಯದ್ದೇ. ಉಸಿರಾಟದ ಸೋಂಕಿನಲ್ಲಿ ಅದು ರೋಗಕ್ಕೆ ದಾರಿ ಮಾಡಿಕೊಡುತ್ತದೆ.

ರೇಬಿಸ್ ಲಕ್ಷಣ ಶುರುವಾದ ಮೇಲೆ ಅದಕ್ಕೆ ಮದ್ದಿಲ್ಲ. ನಾಯಿಯೋ ಬೆಕ್ಕೋ ಕಚ್ಚಿದ, ಪರಚಿದ ತಕ್ಷಣ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿದರೆ ಅದು ಎಷ್ಟು ದೀರ್ಘ ಎಂದು ಗೊತ್ತಾಗುತ್ತದೆ. ಅರಶಿನ, ಮೆಣಸಿನಪುಡಿ, ಸುಣ್ಣ ಬೇಡ. ಊದಿದ ನೀರು ಕುಡಿಸುವವರು ಆಸ್ಪತ್ರೆಯಿಂದ ಬಂದ ಮೇಲೆ ಕುಡಿಸಲಿ. ಗಾಯ ಆಳವಾಗಿದ್ದರೆ, ಮುಖ, ತಲೆ, ಕೈಯಲ್ಲಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಯಾಕೆಂದರೆ ಲಸಿಕೆ ಕೆಲಸ ಶುರುಮಾಡುವವರೆಗೆ ವೈರಸ್ ಕಾಯುವುದಿಲ್ಲ. ಡೋಸ್‌ಗಳನ್ನು ಅರ್ಧಕ್ಕೆ ನಿಲ್ಲಿಸಬಾರದು.

ಗಡಿ ಮತ್ತು ವಿಳಾಸ

ರೋಗಾಣುವಿಗೆ ತಲಪಾಡಿ ಚೆಕ್‌ಪೋಸ್ಟ್ ಇಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ತಡೆಯಲೆಂದು ಆ ಗಡಿಯನ್ನು ಮುಚ್ಚಿದಾಗ, ಹೃದಯ, ಕಿಡ್ನಿಯ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಉತ್ತರ ಕಾಸರಗೋಡಿನ ರೋಗಿಗಳು ಆಂಬುಲೆನ್ಸ್‌ನಲ್ಲೇ ಹಿಂದಿರುಗಬೇಕಾಯಿತು. ಕೆಲವರು ಚಿಕಿತ್ಸೆ ಸಿಗದೆ ಮರಣ ಹೊಂದಿದರು. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಆ ಗಾಯ ಇನ್ನೂ ಹಲವು ಮನೆಗಳಲ್ಲಿ ಹಸಿಯಾಗಿದೆ.

ದಿನನಿತ್ಯದಲ್ಲಿ ಈ ಗಡಿ ಇನ್ನೊಂದು ಸಣ್ಣ ತೊಂದರೆ ಕೊಡುತ್ತದೆ, ಅದನ್ನು ಸರಿಪಡಿಸುವುದು ನಮ್ಮ ಕೈಯಲ್ಲೇ ಇದೆ. ಮಂಜೇಶ್ವರದವರೊಬ್ಬರಿಗೆ ಮಂಗಳೂರಿನ ಲ್ಯಾಬ್‌ನಲ್ಲಿ ಡೆಂಗಿಯೋ ಮಲೇರಿಯಾವೋ ಖಚಿತವಾಯಿತು ಎಂದಿಟ್ಟುಕೊಳ್ಳಿ. ಚೀಟಿಯಲ್ಲಿ ಬರೆಸಿದ್ದು ಕಂಕನಾಡಿಯಲ್ಲಿರುವ ಮಾವನ ಮನೆಯ ವಿಳಾಸ. ಸೊಳ್ಳೆ ನಿಯಂತ್ರಣದವರು ಹೊಗೆ ಹಾಕಲು ಹೋಗುವುದು ಮಾವನ ಮನೆಗೆ. ಕಾಯಿಲೆ ಬಂದ ಮನೆಯ ಸುತ್ತ ಲಾರ್ವಾ ಹುಡುಕಲು ಆಶಾ ಕಾರ್ಯಕರ್ತೆ ಬರುವುದೇ ಇಲ್ಲ. ಒಂದು ವಾರದಲ್ಲಿ ಪಕ್ಕದ ಮನೆಗೂ ಜ್ವರ. ಆದ್ದರಿಂದ ಜ್ವರದ ಚೀಟಿಯಲ್ಲಿ ಮಲಗುವ ಮನೆಯ ವಿಳಾಸ, ಕೆಲಸದ ಜಾಗ, ಕಳೆದ ಒಂದು ತಿಂಗಳಲ್ಲಿ ಹೋಗಿಬಂದ ಊರು, ಗಲ್ಫ್‌ನಿಂದ ಬಂದಿದ್ದರೆ ಬಂದ ದಿನ, ನೀರಿಗಿಳಿದಿದ್ದರೆ ಯಾವ ಕೊಳ ಎಂಬಿಷ್ಟನ್ನು ಕೇಳದಿದ್ದರೂ ಹೇಳಿ ಬರೆಸಬೇಕು. ರಿಪೋರ್ಟ್ ಪಾಸಿಟಿವ್ ಬಂದರೆ ಅದರ ಫೋಟೊವನ್ನು ಊರಿನ ಆರೋಗ್ಯ ಕೇಂದ್ರಕ್ಕೋ ವಾರ್ಡಿನ ಆಶಾ ಕಾರ್ಯಕರ್ತೆಗೋ ಅದೇ ದಿನ ಕಳಿಸಿಬಿಡಿ.